ಕತ್ತರಿಸಿದ ಮುಳ್ಳುಗಳು

ಜನವರಿ ೯

ಪ್ರೀತಿಯ ದೊಡ್ಡಮ್ಮನಿಗೆ,

ನಿವೃತ್ತಿಯ ದಿನ ನೀವು, "ಬೆನ್ನ ಹಿಂದೆ ಏನು ಕರೀತಿದ್ರೋ ಅದನ್ನೇ ಇನ್ಮೇಲೆ ಮುಖದೆದುರು ಕರೀರಿ, ನಂಗೇನು ಗೊತ್ತಿಲ್ವಾ" ಎಂದಿರಲ್ಲ, ಆ ಅಪ್ಪಣೆಯಂತೆ ಹೀಗೆ ಕರೆದಿದ್ದೇನೆ. ಕೈ ಮಾತ್ರ ಇನ್ನೂ 'ಮೇಡಂ' ಎಂದೇ ಬರೆಯಲು ಹೋಗುತ್ತದೆ.

ಮೊನ್ನೆ ಫೋನ್ ಮಾಡಿದ್ದೆ. ನೀವು ಎತ್ತಿ, "ಯಾರು? ಗ್ಯಾಸಾ? ನಾಳೆ ಬಾಪ್ಪ" ಎಂದು ಇಟ್ಟುಬಿಟ್ಟಿರಿ. ನಿಮ್ಮ ಕಿವಿಯ ಜೊತೆ ಜಗಳವಾಡುವ ಶಕ್ತಿ ನನಗಿಲ್ಲ, ಅದಕ್ಕೇ ಈ ಕಾಗದ.

ಪ್ರಯೋಗಾಲಯದಲ್ಲಿ ಈಗ ಉಳಿದಿರುವುದು ನಾನು, ಫಿಟ್ಟರ್ ಮತ್ತು ನಮ್ಮ ಬಳೆ. ಮಿಕ್ಕವರೆಲ್ಲ ಹೊಸ ದೊಡ್ಡ ಯಂತ್ರವಿರುವ ಕಡೆಗೆ ಗಂಟುಮೂಟೆ ಕಟ್ಟಿದರು. ಹೋಗುವಾಗ ಒಳ್ಳೆಯ ಮೇಜುಗಳನ್ನೂ ಒಯ್ದರು. ನಿಮ್ಮ ಕುರ್ಚಿ ಇಲ್ಲೇ ಇದೆ. ಅದರ ಒಂದು ಕಾಲು ಕುಂಟೆಂದು ಎಲ್ಲರಿಗೂ ಗೊತ್ತಿತ್ತು.

ಕಳೆದ ವಾರ ಶಾಲೆಯ ಮಕ್ಕಳನ್ನು ಕರೆತಂದಿದ್ದರು. ನೀವು ಹೇಳುತ್ತಿದ್ದ ಹಾಗೆಯೇ ಹೇಳಿದೆ. ಇದು ಉಕ್ಕಿನ ಟೊಳ್ಳು ಬಳೆ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಚಿಟಿಕೆಯಷ್ಟು ಅನಿಲ ಬಿಟ್ಟು ಅದರ ಪರಮಾಣುಗಳು ಒಡೆಯುವಷ್ಟು ಕಾಯಿಸುತ್ತೇವೆ, ಅದೇ ಪ್ಲಾಸ್ಮಾ. ಯಾವ ಪಾತ್ರೆಯೂ ಆ ಬಿಸಿಯನ್ನು ತಾಳದು, ಅದಕ್ಕೇ ಕಾಂತಗಳಿಂದ ಹಿಡಿದು ಗೋಡೆಗೆ ತಾಗದಂತೆ ನಡುವೆ ನಿಲ್ಲಿಸುತ್ತೇವೆ, ಆದರೂ ಅದು ಸುಮ್ಮನೆ ನಿಲ್ಲುವುದಿಲ್ಲ, ಕುದಿಯುವ ನೀರಿನ ಹಾಗೆ ಸುಳಿ ಸುಳಿಯಾಗಿ ತಿರುಗುತ್ತಾ ಹೊರಗೆ ಸೋರುತ್ತದೆ ಎಂದೆ. ಹೇಗೆ ಸೋರುತ್ತದೆ ಎಂದು ಕೇಳಿದರು. ಮಣ್ಣಿನ ಹೂಜಿಯಿಂದ ನೀರು ಜಿನುಗುವ ಹಾಗೆ, ನಿಧಾನವಾಗಿ, ಎಲ್ಲ ಹೊತ್ತೂ ಒಂದೇ ಸಮ ಎಂದು ನಿಮ್ಮ ನಿಯಮವನ್ನು ಒಪ್ಪಿಸಿದೆ. ಅವರ ಟೀಚರಮ್ಮ ಬಾಯಿ ತುಂಬ ಆಕಳಿಸಿದರು.

ಒಂದು ಚಿಕ್ಕ ವಿಷಯ. ಹಳೆಯ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಸಾಲು ಸಾಲಾಗಿ ಮತ್ತೆ ಬರೆಯುತ್ತಿದ್ದೇನೆ. ಅದರಲ್ಲಿ ಗ್ರಾಫಿನ ರೇಖೆಯಿಂದ ಚೂಪಾಗಿ ನೆಗೆಯುವ ಮುಳ್ಳುಗಳನ್ನು ಕತ್ತರಿಸುವ ಸಾಲೊಂದಿದೆಯಲ್ಲ, ಮಾಮೂಲಿನ ಮೂರರಷ್ಟನ್ನು ಮೀರಿದ್ದೆಲ್ಲ ಕಸ ಎಂದು. ಆ ಮೂರನ್ನು ಹೇಗೆ ಗೊತ್ತು ಮಾಡಿದಿರಿ?

ನಿಮ್ಮ
ಗುಬ್ಬಿ

ಜನವರಿ ೨೧

ಗುಬ್ಬೀ,

ಗ್ಯಾಸಿನವನು ಮರುದಿನ ಬರಲೇ ಇಲ್ಲ. ಯಾಕೆಂದು ಈಗ ತಿಳಿಯಿತು.

ಇಲ್ಲಿ ಎಲ್ಲ ಸೌಖ್ಯ ಎಂದು ಬರೆಯಬೇಕು, ಬರೆದಿದ್ದೇನೆ. ಮೂರನೇ ಮಹಡಿ, ಎರಡು ಕೋಣೆ, ಕಿಟಕಿಯಾಚೆ ಕಾರು ನಿಲ್ಲಿಸುವ ಬಯಲು. ಬೆಳಿಗ್ಗೆ ಎಲ್ಲ ಕಾರುಗಳೂ ಹೋಗುತ್ತವೆ, ಸಂಜೆ ಎಲ್ಲವೂ ಬರುತ್ತವೆ, ನಡುವೆ ನಾನೊಬ್ಬಳು. ಬೈಯೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ ಕಣೇ. ನಿನ್ನೆ ಕುಕ್ಕರಿಗೆ ಬೈದೆ.

ಮುಳ್ಳಿನ ವಿಷಯ ನಿನಗೆ ಮರೆತುಹೋಯಿತೋ, ಇಲ್ಲ ಮುದುಕಿಗೆ ಮರೆವು ಬಂದಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೀಯೋ? ಸೋರುವುದನ್ನು ಅಳೆಯಲು ಪ್ಲಾಸ್ಮಾದ ಅಂಚಿನಲ್ಲಿ ಪ್ರೋಬ್ ಇಡುತ್ತೇವೆ. ಹೆಣಿಗೆ ಕಡ್ಡಿಗಿಂತ ತೆಳ್ಳಗಿನ ತಂತಿ, ಬಡಪಾಯಿ, ಅಂಥ ಬಿಸಿಯಲ್ಲಿ ಆಗಾಗ ಅದರ ತುದಿ ಕಿಡಿ ಹಾರಿಸುತ್ತದೆ. ಆ ಕಿಡಿಯೇ ರೇಖೆಯಲ್ಲಿ ಮುಳ್ಳಾಗಿ ನೆಗೆಯುತ್ತದೆ. ಅದು ತಂತಿಯ ಸಂಕಟ, ಪ್ಲಾಸ್ಮಾದ ಸುದ್ದಿಯಲ್ಲ. ಆಗ ಡಿಸ್ಕಿನಲ್ಲಿ ಜಾಗವೂ ಇರಲಿಲ್ಲ, ಕಸವನ್ನು ಕೂಡಿಟ್ಟು ಏನು ಮಾಡುವುದು? ದಾಖಲಾಗುವ ಮೊದಲೇ ಕತ್ತರಿಸಿ ಎಸೆ ಎಂದು ಬರೆದೆ. ಎರಡರಷ್ಟು ಎಂದರೆ ಒಳ್ಳೆಯದೂ ಹೋಗುತ್ತಿತ್ತು, ನಾಲ್ಕು ಎಂದರೆ ಕಸ ಉಳಿಯುತ್ತಿತ್ತು. ಮೂರು ಕಣ್ಣಿಗೆ ಸರಿಯೆನಿಸಿತು. ಇದರಲ್ಲಿ ಇಷ್ಟೇ ವೇದಾಂತ.

ನೀನು ಯಾಕೆ ಕೇಳಿದೆ? ಸುತ್ತಿ ಬಳಸಿ ಕೇಳಿದಾಗೆಲ್ಲ ನಿನ್ನ ಹೊಟ್ಟೆಯಲ್ಲಿ ಬೇರೆ ಏನೋ ಇರುತ್ತದೆ. ನೆಟ್ಟಗೆ ಬರೆ.

ದೊಡ್ಡಮ್ಮ

ಫೆಬ್ರವರಿ ೧೨

ದೊಡ್ಡಮ್ಮಾ,

ನೆಟ್ಟಗೇ ಬರೆಯುತ್ತೇನೆ, ಅರ್ಧವನ್ನಾದರೂ.

ಬಳೆಯೊಳಕ್ಕೆ ಎಷ್ಟು ಅನಿಲ ಬಿಡುತ್ತೇವೋ ಅಷ್ಟೂ ಸೋರಿ ಗೋಡೆ ಸೇರಲೇಬೇಕು. ನಿಮ್ಮ ನಿಯಮದಂತೆ ಜಿನುಗಿದ್ದನ್ನೆಲ್ಲ ಕೂಡಿಸಿದರೆ ಅದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧಕ್ಕೆ ನಾವು ಎಂದಿನಿಂದಲೂ ಅನಿಲ ಬಿಡುವ ಹಳೇ ವಾಲ್ವಿನ ಮೇಲೆ ಗೂಬೆ ಕೂರಿಸುತ್ತಿದ್ದೆವು. "ಅದು ಸುಳ್ಳು ಹೇಳುತ್ತೆ ಬಿಡೇ" ಅನ್ನುತ್ತಿದ್ದಿರಿ. ಈಗ ಹೊಸ ವಾಲ್ವ್ ಬಂದಿದೆ. ಹಾಕಿ, ಅಳೆದು, ತೆಗೆದು, ಮತ್ತೆ ಹಾಕಿ ಅಳೆದೆವು. ಪಾಪ, ಹಳೆಯದೂ ನಿಜವನ್ನೇ ಹೇಳುತ್ತಿತ್ತು. ಆದರೂ ಅರ್ಧ ಕಾಣೆ. ಫಿಟ್ಟರಿಗೆ ಹೇಳಿದರೆ, "ಇಷ್ಟು ವರ್ಷ ಕಾಣೆಯಾಗಿತ್ತು, ಇನ್ನೊಂದಷ್ಟು ದಿನ ಇರ್ಲಿ ಬಿಡಿ ಮೇಡಂ" ಎಂದ.

ಕ್ಯಾಂಟೀನ್ ಮುಚ್ಚಿದ್ದಾರೆ. ಇಬ್ಬರಿಗಾಗಿ ಒಲೆ ಹಚ್ಚುವುದು ಯಾರು? ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದು ನಿಮ್ಮ ಕುರ್ಚಿಯೆದುರು ಕೂತು ತಿನ್ನುತ್ತೇನೆ. ಫಿಟ್ಟರ್ ರಜೆ ಹಾಕಿದ ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಮೊನ್ನೆ ಪಂಪಿಗೆ "ಏನಪ್ಪಾ, ಹೇಗಿದ್ದೀಯ" ಎಂದು ಕೇಳಿ ನನ್ನ ದನಿಗೆ ನಾನೇ ಬೆಚ್ಚಿದೆ.

ನಿಮ್ಮ
ಗುಬ್ಬಿ

ಫೆಬ್ರವರಿ ೨೦

ಗುಬ್ಬಿ,

ಅರ್ಧ ಬರೆದೆ, ಇನ್ನರ್ಧ ಎಲ್ಲಿ? ಅದೂ ವಾಲ್ವಿನಲ್ಲಿ ಸೋರಿಹೋಯಿತೇ?

ಬರೀ ಮೊಟ್ಟೆ ತಿಂದು ಬದುಕಬೇಡ. ಒಂದು ಸೊಪ್ಪು, ಒಂದು ಹಣ್ಣು ಹೊಟ್ಟೆಗೆ ಬೀಳಲಿ. ನೀನು ಇಪ್ಪತ್ತೆರಡಕ್ಕೆ ಬಂದಾಗಲೂ ಕಡ್ಡಿ, ಈಗಲೂ ಕಡ್ಡಿ. ಆಗ ಒಂದು ಪ್ಯಾನೆಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದೆ ಎಂದು ಗುಬ್ಬಿ ಎಂದೆ, ಈಗ ಮೊಣಕಾಲು ನೋವಿಟ್ಟುಕೊಂಡು ಅದೇ ಹೆಸರಿಗೆ ಓಗೊಡುತ್ತೀಯ.

ಪಂಪು ಏನೆಂದಿತು?

ದೊಡ್ಡಮ್ಮ

ಮಾರ್ಚ್ ೬

ದೊಡ್ಡಮ್ಮಾ,

ಎಷ್ಟೋ ಸಲ ಬರೆದು ಹರಿದಾಯಿತು. ಇದನ್ನು ಹರಿಯುವುದಿಲ್ಲ.

ಹೊಸ ಪ್ರೋಗ್ರಾಮಿಗೆ ನಾನಿನ್ನೂ ಮುಳ್ಳು ಕತ್ತರಿಸುವ ಸಾಲನ್ನು ಸೇರಿಸಿರಲಿಲ್ಲ. ಅಷ್ಟರಲ್ಲಿ ಡಿಸೆಂಬರಿನಲ್ಲಿ, ಕೇಬಲ್ ಸರಿಯಿದೆಯೇ ನೋಡೋಣವೆಂದು ಒಮ್ಮೆ ಯಂತ್ರ ಓಡಿಸಿದೆವು. ಸೋರಿದ್ದನ್ನು ಕೂಡಿಸಿದೆ. ಲೆಕ್ಕ ಪೂರ್ತಿ ಕೂಡಿತು, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಖುಷಿಯಾಗಬೇಕಿತ್ತು, ಹೆದರಿ ಕಂಪ್ಯೂಟರ್ ಆರಿಸಿಬಿಟ್ಟೆ. ಅಂದಿನಿಂದ ಬಿಸಿ ಬದಲಿಸಿ, ಕಾಂತದ ಬಲ ಬದಲಿಸಿ, ಅನಿಲ ಬದಲಿಸಿ ನೋಡಿದ್ದೇನೆ. ಪ್ರತಿ ಸಲವೂ ಕಾಣೆಯಾದ ಅರ್ಧ ಮುಳ್ಳುಗಳಲ್ಲೇ ಇದೆ.

ಅವು ಕಿಡಿಗಳಲ್ಲ ಎಂದು ನನಗೆ ಅನ್ನಿಸುತ್ತಿದೆ. ಅಂಚಿನ ಸುಳಿಗಳಿಂದ ಪ್ಲಾಸ್ಮಾದ ಒಂದು ತುಂಡು ಹರಿದುಕೊಂಡು ಇಡಿಯಾಗಿ ಗೋಡೆಗೆ ಹೋಗಿ ಬೀಳುತ್ತಿದೆ. ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಮ್ಮೆಲೇ ಒಂದು ತುಂಡು. ಹೂಜಿ ಜಿನುಗುತ್ತಿರುವುದು ನಿಜ, ಆದರೆ ಯಾರೋ ಆಗೊಮ್ಮೆ ಈಗೊಮ್ಮೆ ಚೊಂಬಿನಲ್ಲಿ ಮೊಗೆದೂ ಚೆಲ್ಲುತ್ತಿದ್ದಾರೆ. ಬೇರೆ ಕಡೆಯವರು ನಮ್ಮ ಪ್ರೋಗ್ರಾಮನ್ನೇ ಪಡೆದು ಬಳಸಿದರು, ಅದರ ಜೊತೆಗೆ ನಮ್ಮ ಕತ್ತರಿಯನ್ನೂ ಕೊಂಡೊಯ್ದರು. ಅದಕ್ಕೇ ಯಾರಿಗೂ ಕಾಣಲಿಲ್ಲವೇನೋ.

ಇದನ್ನು ನಿಮಗೆ ಹೇಳದೆ ಬರೆದು ಪ್ರಕಟಿಸುವಷ್ಟು ಕೆಟ್ಟವಳಲ್ಲ ನಾನು. ಹೇಳಿದರೆ ನಿಮ್ಮನ್ನು ಕಳೆದುಕೊಳ್ಳುತ್ತೇನೇನೋ ಎಂದು ಹೆದರಿಕೆ. ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ ಹೇಳಿ? ಅಮ್ಮ ಹೋದಮೇಲೆ ನನಗೆ ಕಾಗದ ಬರೆಯುವವರು ನೀವೊಬ್ಬರೇ.

ಬೈದು ಬರೆಯಿರಿ. ಆದರೆ ಬರೆಯಿರಿ.

ಗುಬ್ಬಿ

ಏಪ್ರಿಲ್ ೩

ದೊಡ್ಡಮ್ಮಾ,

ಕಾಗದ ತಲುಪಿದೆ ಎಂದು ಅಂಚೆಯವರು ಹೇಳಿದರು. ಆರೋಗ್ಯವಾಗಿದ್ದೀರೆಂದು ನಿಮ್ಮ ಎದುರುಮನೆಯವರಿಗೆ ಫೋನ್ ಮಾಡಿ ತಿಳಿದುಕೊಂಡೆ. "ಚೆನ್ನಾಗೇ ಇದಾರೆ, ನಿನ್ನೆ ಬಾಗಿಲಲ್ಲಿ ಪೇಪರಿನವನ ಜೊತೆ ಜಗಳ ಆಡ್ತಿದ್ರು" ಎಂದರು. ಪೇಪರಿನವನ ಮೇಲೆ ಹೊಟ್ಟೆಕಿಚ್ಚಾಯಿತು.

ದಿನವೂ ಗೇಟಿನ ಹತ್ತಿರದ ಡಬ್ಬಿ ನೋಡುತ್ತೇನೆ. ಕರೆಂಟ್ ಬಿಲ್ಲು ಬಂದಿತ್ತು.

ಗುಬ್ಬಿ

ಏಪ್ರಿಲ್ ೧೬

ನಿನಗೆ,

ನನ್ನ ಯೋಗಕ್ಷೇಮವನ್ನು ಎದುರುಮನೆಯವರಿಂದ ವಿಚಾರಿಸಬೇಡ. ಇನ್ನೂ ಸತ್ತಿಲ್ಲ.

ನಿನ್ನ ಕಾಗದವನ್ನು ಓದಿ ಮಡಿಚಿ ಇಟ್ಟೆ, ಮತ್ತೆ ತೆಗೆದು ಓದಿದೆ. ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಕಣೇ! ಮದುವೆ ಬಿಟ್ಟೆ, ಅಪ್ಪ ಹಾಸಿಗೆ ಹಿಡಿದಾಗ ಹೋಗಿ ನೋಡಲಿಲ್ಲ, ಆ ಬಳೆಯ ಪಕ್ಕದಲ್ಲೇ ಹಲ್ಲು ಉದುರಿಸಿಕೊಂಡೆ. ಕೊನೆಗೆ ಕೈಯಲ್ಲಿ ಉಳಿದದ್ದು ಒಂದೇ ಒಂದು ಸಾಲಿನ ನಿಯಮ. ಈಗ ನೀನು ಕಸದ ಬುಟ್ಟಿಯನ್ನು ತಡಕಿ ಅದೂ ಇಲ್ಲ ಎನ್ನುತ್ತೀಯ.

ಕೋಪವನ್ನು ಪಕ್ಕಕ್ಕಿಟ್ಟು ಕೇಳುತ್ತೇನೆ. ಲೆಕ್ಕ ಕೂಡಿತು ಎನ್ನುವುದೇ ಸಾಕ್ಷಿಯೇ? ಬೇಕಾದಷ್ಟು ಕಸ ಸುರಿದರೆ ಯಾವ ಲೆಕ್ಕವೂ ಕೂಡುತ್ತದೆ. ಇಷ್ಟು ದಿನ ನಾನು ನಿನಗೆ ಕಲಿಸಿದ್ದು ಇದನ್ನೇ ಏನೇ?

ಎರಡನೇ ಪ್ರೋಬ್ ಹಾಕು. ಮೊದಲನೆಯದು ಯಾವ ಕಾಂತರೇಖೆಯ ಮೇಲೆ ಕೂತಿದೆಯೋ ಅದೇ ರೇಖೆಯ ಮೇಲೆ, ಬಳೆಯ ಕಾಲು ಸುತ್ತು ಆಚೆಗೆ. ಅದಕ್ಕೆ ಬೇರೆ ಕೇಬಲ್, ಬೇರೆ ಬ್ಯಾಟರಿ, ಇದರ ತಂತಿ ಅದಕ್ಕೆ ಎಲ್ಲೂ ಸೋಕಬಾರದು. ಒಂದರ ತುದಿಯಲ್ಲಿ ಕಿಡಿ ಹಾರಿದರೆ ಇನ್ನೊಂದಕ್ಕೆ ಅದರ ಸುದ್ದಿಯೂ ಹೋಗುವುದಿಲ್ಲ. ಆದರೆ ನೀನನ್ನುವ ತುಂಡು ನಿಜವಾಗಿದ್ದರೆ, ಪ್ಲಾಸ್ಮಾ ರೇಖೆಯುದ್ದಕ್ಕೂ ಹರಡುವುದರಿಂದ ಅದೊಂದು ಉದ್ದನೆಯ ಎಳೆಯಾಗಿರಬೇಕು, ಎರಡು ಪ್ರೋಬುಗಳೂ ಒಟ್ಟಿಗೆ ನೆಗೆಯಬೇಕು. ಆಮೇಲೆ ಎರಡನೆಯದನ್ನು ಆ ರೇಖೆಯಿಂದ ಒಂದಿಷ್ಟು ಆಚೆಗೆ ಸರಿಸು. ಆಗಲೂ ಒಟ್ಟಿಗೇ ನೆಗೆದರೆ ಅದು ನಿನ್ನ ವೈರಿಂಗಿನ ಗಲಾಟೆ, ಕುಣಿದಾಡಬೇಡ. ರೇಖೆಯ ಮೇಲಿದ್ದಾಗ ಮಾತ್ರ ಒಟ್ಟಿಗೆ ನೆಗೆದರೆ ನಾನು ಸೋತೆ.

ಏನೇ ಆದರೂ ಅಂದೇ ಬರೆ. ಒಂದು ದಿನವೂ ಕಾಯಿಸಬೇಡ.

ದೊಡ್ಡಮ್ಮ

ಮೇ ೮

ದೊಡ್ಡಮ್ಮಾ,

ನಿಮ್ಮ ಬೈಗುಳ ಓದಿ ಗೇಟಿನ ಹತ್ತಿರವೇ ನಿಂತು ಅತ್ತೆ. ವಾಚ್‌ಮನ್ ಬಂದು, "ಮನೇಲಿ ಎಲ್ಲಾ ಹುಷಾರಾಗಿದಾರಾ?" ಎಂದು ಕೇಳಿದ. ಈಗ ಹುಷಾರಾಗಿದ್ದಾರೆ ಎಂದೆ.

ನೀವು ಹೇಳಿದ ಜಾಗದ ಕಿಂಡಿಯನ್ನು ಎಷ್ಟೋ ವರ್ಷದಿಂದ ಬಿಚ್ಚಿರಲಿಲ್ಲ, ಬೋಲ್ಟುಗಳು ಹಿಡಿದುಬಿಟ್ಟಿದ್ದವು. ಫಿಟ್ಟರ್ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನೇತಾಡಿದ. ನಾನು ಅವನ ಸೊಂಟ ಹಿಡಿದೆ. ಕೊನೆಗೊಂದು ಬೋಲ್ಟು ಕಿರ್ರೆಂದು ತಿರುಗಿದಾಗ ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ಆ ಕೋಣೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು. ಹೊಸ ತಾಮ್ರದ ಗ್ಯಾಸ್ಕೆಟ್ ಹಾಕಿ ಬಿಗಿದಿದ್ದೇವೆ, ಈಗ ಪಂಪು ಒಳಗಿನ ಗಾಳಿಯನ್ನು ಹೀರುತ್ತಿದೆ. ಬ್ಯಾಟರಿಯನ್ನು ನಾನೇ ಮರದ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಯಾವ ತಂತಿಯೂ ಇನ್ನೊಂದನ್ನು ಸೋಕುವುದಿಲ್ಲ, ಮೂರು ಸಲ ನೋಡಿದೆ.

ಗುರುವಾರ ಯಂತ್ರ ಓಡಿಸುತ್ತೇವೆ. ಒಂದು ಮಾತು ಹೇಳಿಬಿಡುತ್ತೇನೆ, ಬೈಯಬೇಡಿ. ನಾನೇ ತಪ್ಪಾಗಿರಲಿ ಎಂದು ಆಸೆ. ಎರಡನೇ ಪ್ರೋಬ್ ಸುಮ್ಮನೆ ಕೂತಿರಲಿ, ನಾನು ಬಸ್ಸು ಹಿಡಿದು ಬಂದು ನಿಮ್ಮ ಕಾಲ ಹತ್ತಿರ ಕೂತು ಉಗಿಸಿಕೊಳ್ಳುತ್ತೇನೆ.

ನಿಮ್ಮ
ಗುಬ್ಬಿ

ಜೂನ್ ೫

ಗುಬ್ಬಿ,

ಗುರುವಾರ ಆಯಿತು. ಆಮೇಲೆ ಇನ್ನೂ ಎಷ್ಟೋ ಗುರುವಾರಗಳಾದವು.

ನಾನು ಗೆದ್ದಿದ್ದರೆ ನೀನು ಕಾಗದ ಬರೆಯುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಬಾಗಿಲು ಬಡಿಯುತ್ತಿದ್ದೆ. ನನಗೆ ಬಾಗಿಲು ಬಡಿದದ್ದು ಕೇಳಿಸುವುದಿಲ್ಲವೆಂದು ಶನಿವಾರವಿಡೀ ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಭಾನುವಾರ ಅರ್ಥವಾಯಿತು. ಆಮೇಲೆ ಕಾದದ್ದು, ನನಗೆ ಅರ್ಥವಾದದ್ದು ತಪ್ಪಿರಬಹುದೇ ಎಂದು.

ಅಂದೇ ಬರೆ ಎಂದಿದ್ದೆ. ಕರುಣೆಯೇನೇ ನಿನಗೆ? ನನ್ನನ್ನು ಏನೆಂದುಕೊಂಡಿದ್ದೀಯ, ಗಾಜಿನ ಲೋಟವೇ? ನನ್ನ ಮುಂದೆ ಕೂತು "ಈ ರೇಖೆ ತಪ್ಪು ಮೇಡಂ" ಎಂದು ಮೊದಲ ವರ್ಷವೇ ಹೇಳಿದ್ದ ಹುಡುಗಿ ಎಲ್ಲಿ ಹೋದಳು?

ನೀನೀಗ ಏನು ಮಾಡುತ್ತಿದ್ದೀಯೆಂದು ಹೇಳಲೇ? ಪ್ರಬಂಧ ಬರೆಯುತ್ತಿದ್ದೀಯ. ಅದರ ಮೊದಲ ಪುಟದಲ್ಲೇ 'ಅಂದಿನ ಉಪಕರಣಗಳ ಮಿತಿಯಿಂದಾಗಿ' ಎಂದೊಂದು ವಾಕ್ಯ ಹಾಕಿದ್ದೀಯ, ಮುದುಕಿಗೆ ನೋವಾಗದಿರಲಿ ಎಂದು. ಅದನ್ನು ತೆಗೆ. ಆ ತಂತಿಗಳಿಗೆ ಯಾವ ಮಿತಿಯೂ ಇರಲಿಲ್ಲ. ಅವು ಮೊದಲ ದಿನದಿಂದ ಕೂಗಿ ಹೇಳುತ್ತಲೇ ಇದ್ದವು, ಬಾಯಿ ಮುಚ್ಚಿ ಎಂದವಳು ನಾನು. ನನ್ನ ಕೈಯಿಂದ ಆದದ್ದನ್ನು ಬಡಪಾಯಿ ತಂತಿಯ ತಲೆಗೆ ಕಟ್ಟಬೇಡ.

ಈಗ ಇಲ್ಲಿಗೆ ಬರಬೇಡ. ನೀನು ಬಂದರೆ ನಾನು ನಗುನಗುತ್ತಾ ಟೀ ಮಾಡಿಕೊಡಬೇಕಾಗುತ್ತದೆ. ಅಷ್ಟು ಶಕ್ತಿ ಈಗ ಇಲ್ಲ.

ದೊಡ್ಡಮ್ಮ

ಜೂನ್ ೧೩

ದೊಡ್ಡಮ್ಮಾ,

ಎರಡೂ ಒಟ್ಟಿಗೇ ನೆಗೆದವು. ಎರಡನೆಯದನ್ನು ಸರಿಸಿದಾಗ ಒಟ್ಟಿಗೆ ನೆಗೆಯುವುದು ನಿಂತಿತು, ಮತ್ತೆ ರೇಖೆಗೆ ತಂದಾಗ ಮತ್ತೆ ಒಟ್ಟಿಗೆ ನೆಗೆದವು. ಅಂದೇ ಬರೆಯಲು ಕೂತೆ, ಪೆನ್ನು ಓಡಲಿಲ್ಲ. ಮರುದಿನವೂ ಓಡಲಿಲ್ಲ. ಆಮೇಲೆ ತಡವಾಯಿತಲ್ಲ ಎನ್ನುವುದೇ ಇನ್ನೊಂದು ಹೆದರಿಕೆಯಾಯಿತು. ಫಿಟ್ಟರ್ ಮಾತ್ರ, "ಅಮ್ಮಾವ್ರು ಹೇಳಿದ ಹಾಗೇ ಆಯ್ತು ನೋಡಿ" ಎಂದು ಹಿಗ್ಗಿದ. ಯಾವ ಹಾಗೆ ಎಂದು ನಾನು ಅವನಿಗೆ ಬಿಡಿಸಿ ಹೇಳಲಿಲ್ಲ.

ಆ ವಾಕ್ಯ ಇತ್ತು. ಮೊದಲ ಪುಟದಲ್ಲೇ, ನೀವು ಬರೆದ ಅವೇ ಪದಗಳಲ್ಲಿ. ತೆಗೆದಿದ್ದೇನೆ.

ಪ್ರಬಂಧವನ್ನು ಇದರೊಂದಿಗೆ ಇಟ್ಟಿದ್ದೇನೆ. ಪರೀಕ್ಷೆ ನಿಮ್ಮದು, ಅದಿಲ್ಲದೆ ನನ್ನ ಹತ್ತಿರ ಕಸದ ಬುಟ್ಟಿಯ ಹೊರತು ಏನೂ ಇರಲಿಲ್ಲ. ಅದಕ್ಕೇ ನಿಮ್ಮ ಹೆಸರನ್ನು ನನ್ನ ಹೆಸರಿಗಿಂತ ಮೊದಲು ಹಾಕಿದ್ದೇನೆ. ಬೇಡವೆಂದರೆ ಹೊಡೆದುಹಾಕಿ. ನೀವು ಸರಿ ಎನ್ನುವವರೆಗೆ ಎಲ್ಲಿಗೂ ಕಳಿಸುವುದಿಲ್ಲ.

ಬರಬೇಡ ಎಂದಿದ್ದೀರಿ. ಬರುವುದಿಲ್ಲ.

ಗುಬ್ಬಿ

ಜೂನ್ ೨೪

ಗುಬ್ಬೀ,

ಪ್ರಬಂಧವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸುತ್ತಿದ್ದೇನೆ. ಮೂರನೇ ಪುಟದಲ್ಲಿ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದೀಯ, ಸಂಕೋಚವಾದಾಗ ನೀನು ಹಾಗೆಯೇ. ನಾಲ್ಕನೇ ಚಿತ್ರದ ಕೆಳಗೆ ಅಳತೆಯನ್ನೇ ಬರೆದಿಲ್ಲ. ಮೈಮೇಲೆ ಜ್ಞಾನ ಇಟ್ಟುಕೊಂಡು ಕೆಲಸ ಮಾಡು.

ಹೆಸರು ಇರಲಿ. ಆದರೆ ನಿನ್ನದು ಮೊದಲು, ನನ್ನದು ಆಮೇಲೆ. ತನ್ನ ನಿಯಮ ತಪ್ಪೆಂದು ತಾನೇ ಸಹಿ ಹಾಕಿದ್ದಾಳಲ್ಲ ಎಂದು ಓದಿದವರು ನಗುತ್ತಾರೆ. ನಗಲಿ.

ಎರಡು ರೇಖೆಗಳ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ಚೆನ್ನಾಗಿ ನೆಗೆಯುತ್ತವೆ ಕಣೇ, ಅವಳಿ ಮಕ್ಕಳ ಹಾಗೆ. ಅಂಥವನ್ನು ಮೂವತ್ತು ವರ್ಷ ಪ್ರತಿದಿನ ಕಿತ್ತು ಎಸೆದೆನಲ್ಲ ಎಂದು ಒಂದು ದಿನ ಪೂರ್ತಿ ಅತ್ತೆ. ಬರೆದುಬಿಟ್ಟಿದ್ದೇನೆ, ಎದುರಿಗೆ ಬಂದಾಗ ಇದರ ಸುದ್ದಿ ಎತ್ತಬೇಡ.

ಯಾರಿಗಾದರೂ ಹೇಳಿಕೊಂಡರೆ ಹಗುರಾದೀತೆಂದು ನೋಡಿದೆ. ಎದುರುಮನೆಯವರಿಗೆ ನಾನು ಏನು ಕೆಲಸ ಮಾಡುತ್ತಿದ್ದೆನೆಂದೇ ಗೊತ್ತಿಲ್ಲ. ಯಾವುದೋ ಕಾರ್ಖಾನೆ ಎಂದುಕೊಂಡಿದ್ದಾರೆ. ನಿನ್ನೆ ಔಷಧಿ ಅಂಗಡಿಯಲ್ಲಿ ತಡೆಯಲಾರದೆ, "ನೋಡಪ್ಪಾ, ನಾನು ಜೀವಮಾನವಿಡೀ ಹೇಳಿದ್ದು ತಪ್ಪು ಅಂತ ಈಗ ಗೊತ್ತಾಯ್ತು" ಎಂದುಬಿಟ್ಟೆ. ಅವನು ಚೀಟಿಯಿಂದ ತಲೆ ಎತ್ತದೆ, "ಇರ್ಲಿ ಬಿಡಿ ಅಮ್ಮಾ. ದಿನಕ್ಕೆ ಎರಡು ಸಲ, ಊಟ ಆದ್ಮೇಲೆ" ಎಂದ. ಮಾತ್ರೆ ಹಿಡಿದುಕೊಂಡು ಬಂದೆ.

ಸೋತೆ ಎಂದರೆ ಎಷ್ಟು ಸೋತೆ ಎಂದು ತಿಳಿಯುವ ಒಂದು ಜೀವ ಬೇಕು ಗುಬ್ಬಿ. ಹುಡುಕಿದರೆ ಲೋಕದಲ್ಲಿ ಇರುವವಳು ನೀನೊಬ್ಬಳೇ, ಸೋಲಿಸಿದವಳೂ ನೀನೇ. ಬಾ. ನಿನ್ನ ಮೇಲಿನ ದೂರನ್ನು ನಿನ್ನ ಹತ್ತಿರವೇ ಹೇಳಿಕೊಳ್ಳಬೇಕಾಗಿದೆ.

ದೊಡ್ಡಮ್ಮ